ಮೊಣಕೈ ನೋವು ಮತ್ತು ಒಂದು ಚೀಲ ನೀರು

"ಕೈಟ್ ಮಾರಿಬಿಡು ಗುರು, ನಾನೇ ತಗೋತೀನಿ" ಅಂತ ನನ್ನ ಮೊಣಕೈ ನೋವು ನೋಡಿ ಅಂದಿದ್ದ ಗೆಳೆಯನೇ ಜುಲೈನಲ್ಲಿ ರಾಮೇಶ್ವರಕ್ಕೆ ನನ್ನ ಜೊತೆ ಬಂದಿದ್ದ. ನನ್ನದು ಕೈಟ್‌ಸರ್ಫಿಂಗ್, ದೊಡ್ಡ ಗಾಳಿಪಟದ ಎಳೆತಕ್ಕೆ ಹಲಗೆ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ. ಮೂರು ದಿನ, ದಿನಕ್ಕೆ ಎರಡೂವರೆ ಗಂಟೆ ನೀರಿನಲ್ಲಿದ್ದೆ. ರಾತ್ರಿ ಅವನೆದುರೇ ತುಂಬಿದ ಬಕೆಟ್ ಎತ್ತಿ ತೋರಿಸಿದೆ. ಅವನ ಮುಖ ನೋಡಬೇಕಿತ್ತು!

ನೋವು ಶುರುವಾಗಿದ್ದೂ ಅಲ್ಲೇ, ಜನವರಿಯಲ್ಲಿ. ಎಡ ಮೊಣಕೈ, ಹೊರಗಿನ ಮೂಳೆಯ ಹತ್ತಿರ. ಟೆನಿಸ್ ಎಲ್ಬೋ ಅಂತಾರಲ್ಲ, ಅದೇ. ನಾನೋ ಟೆನಿಸ್ ರಾಕೆಟ್ ಮುಟ್ಟಿದವನೇ ಅಲ್ಲ. ಬೆಂಗಳೂರಿಗೆ ಬಂದ ಮೇಲೆ ಕಾಫಿ ಲೋಟ ಎತ್ತಿದರೂ ಚುರುಕ್ ಅನ್ನುತ್ತಿತ್ತು.

ಮೂರು ವಾರ ಕೈ ಕಟ್ಟಿ ಕೂತೆ. ಏನೂ ಆಗಲಿಲ್ಲ. ಫೆಬ್ರವರಿಯಲ್ಲಿ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ನಾಲ್ಕೇ ದಿನದಲ್ಲಿ ನೋವು ಮಾಯ. ಖುಷಿಯಲ್ಲಿ ಗೋವಾದ ಮಾಂದ್ರೆಗೆ ಓಡಿದೆ. ಗಾಳಿಯ ವೇಗ ಹನ್ನೆರಡು ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ಇತ್ತೋ ಇಲ್ಲವೋ, 14 ಚದರ ಮೀಟರಿನ ದೊಡ್ಡ ಕೈಟ್ ಬಿಟ್ಟೆ. ಅದು ಎಮ್ಮೆ ಥರ, ತಿರುಗಿಸೋಕೆ ಜಗ್ಗಾಡಬೇಕು. ಎರಡನೇ ದಿನ ಬಾಗಿಲ ಚಿಲಕ ತೆಗೆಯೋಕೂ ಆಗಲಿಲ್ಲ. ಇಂಜೆಕ್ಷನ್ ತಗೊಂಡವರು ಮೊದಲ ಕೆಲವು ವಾರ ಚೆನ್ನಾಗಿದ್ದು, ವರ್ಷದ ಹೊತ್ತಿಗೆ ಏನೂ ಮಾಡದವರಿಗಿಂತ ಹಿಂದೆ ಬೀಳುತ್ತಾರೆ ಅಂತ ಆಮೇಲೆ ಓದಿದೆ. ಮೊದಲೇ ಓದಬೇಕಿತ್ತು, ಅಲ್ವಾ?

ಖರ್ಚು ಕೇಳಿ. ಸ್ಕ್ಯಾನು, ಇಂಜೆಕ್ಷನ್ ಸೇರಿ ಆರು ಸಾವಿರ. ಫಿಸಿಯೋಥೆರಪಿಯಲ್ಲಿ ಮಷಿನ್ ಇಟ್ಟು ಕಳಿಸಿದ ಹತ್ತು ಸಿಟ್ಟಿಂಗಿಗೆ ಇನ್ನೊಂದು ಆರು ಸಾವಿರ. ಕೈಗೆ ಕಟ್ಟುವ ಬೆಲ್ಟು, ಎಣ್ಣೆ ಎಲ್ಲ ಸೇರಿ ಎಂಟುನೂರು. ಹಾಳಾದ ಗೋವಾ ಟ್ರಿಪ್ ಹದಿನೈದು ಸಾವಿರ. ಕೊನೆಗೆ ಕೆಲಸಕ್ಕೆ ಬಂದಿದ್ದು ಯಾವುದೋ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲ. ಪುಕ್ಕಟೆ.

ಅದರಲ್ಲಿ ಒಂದು ಲೀಟರ್ ನೀರಿನ ಬಾಟಲಿ ಇಟ್ಟೆ. ಒಂದು ಲೀಟರ್ ಅಂದರೆ ಒಂದು ಕೆಜಿ, ತೂಕ ಅಳೆಯೋ ಗೋಜೇ ಇಲ್ಲ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಮಣಿಕಟ್ಟನ್ನು ಅಂಚಿನಿಂದಾಚೆ ಬಿಟ್ಟು ಚೀಲ ಹಿಡಿದೆ. ಮೊದಲ ಎರಡು ವಾರ ಅಲ್ಲಾಡಿಸದೆ ಸುಮ್ನೆ ಹಿಡಿಯೋದು, 45 ಸೆಕೆಂಡು, ಐದು ಸಲ. ಆಮೇಲೆ ಬಲಗೈ ಸಹಾಯದಿಂದ ಎತ್ತಿ, ಎಡಗೈ ಒಂದರಲ್ಲೇ ನಾಲ್ಕು ಎಣಿಸುತ್ತಾ ಇಳಿಸೋದು. ಹದಿನೈದರಂತೆ ಮೂರು ಸಲ, ದಿನ ಬಿಟ್ಟು ದಿನ. ಹತ್ತಕ್ಕೆ ಮೂರರಷ್ಟು ನೋವು ಬಂದರೂ ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ ಜಾಸ್ತಿಯಾಗಿಲ್ಲದಿದ್ದರೆ ವಾರಕ್ಕೆ ಕಾಲು ಲೀಟರ್ ಏರಿಸಿದೆ. ಒಮ್ಮೆ ಆಸೆಗೆ ಬಿದ್ದು ಒಮ್ಮೆಲೇ ಅರ್ಧ ಲೀಟರ್ ಏರಿಸಿ ಐದು ದಿನ ಹಿಂದೆ ಹೋದೆ. ಹತ್ತು ವಾರಕ್ಕೆ ಮೂರು ಲೀಟರ್ ದಾಟಿತು, ಬಟ್ಟೆ ಅಂಗಡಿಯ ದೊಡ್ಡ ಚೀಲ ಬೇಕಾಯಿತು.

ನಡುವೆ ಒಂದೆರಡು ಪ್ರಯೋಗವೂ ಆಯಿತು. ರಬ್ಬರ್ ಚೆಂಡು ಹಿಸುಕಿದೆ, ನೋವು ಹೆಚ್ಚಾಯಿತು. ಒದ್ದೆ ಟವೆಲ್ ಹಿಂಡಿದೆ, ಇವತ್ತಿನ ಜೋರು ನಿನ್ನೆಗಿಂತ ಎಷ್ಟು ಜಾಸ್ತಿ ಅಂತ ಗೊತ್ತಾಗದೆ ಬಿಟ್ಟೆ. ಬೈಕಿನ ಕ್ಲಚ್ಚೂ ಕಳ್ಳನೇ. ಟ್ರಾಫಿಕ್ಕಿನಲ್ಲಿ ಎಡಗೈ ಅದೆಷ್ಟು ಸಲ ಹಿಂಡುತ್ತೆ ಅಂತ ಎಣಿಸಿ ನೋಡಿ. ಹೆಂಡತಿಯ ಸ್ಕೂಟರ್ ಕೇಳಿ ತಗೊಂಡೆ.

ಮೂಲ ತಪ್ಪು ಬಾರಿನಲ್ಲಿತ್ತು, ಅಂದರೆ ಕೈಟ್ ತಿರುಗಿಸಲು ಕೈಯಲ್ಲಿ ಹಿಡಿಯುವ ಕೋಲಿನಲ್ಲಿ. ಅದರಿಂದ ಕೈಟಿಗೆ ಹೋಗುವ ಹಗ್ಗಗಳೇ ಲೈನುಗಳು. ಮುಂದಿನ ಲೈನುಗಳು ಜಗ್ಗಿ ಜಗ್ಗಿ ಒಂದು ಗೇಣು ಉದ್ದವಾಗಿದ್ದವು. ಹಿಂದಿನವು ಬಿಗಿಯಾಗಿ ಕೈಟ್ ಸದಾ ಹಿಂದಕ್ಕೆ ಕುಸಿಯುತ್ತಿತ್ತು, ನಾನು ಬಾರನ್ನು ಕಚ್ಚಿ ಹಿಡಿಯುತ್ತಿದ್ದೆ. ಲೈನ್ ಸಮ ಮಾಡಿದೆ. ಕೈಟಿನ ರೆಕ್ಕೆ ತುದಿಯಲ್ಲಿ ಹಿಂದಿನ ಲೈನ್ ಕಟ್ಟುವ ಜಾಗವನ್ನೂ ಬದಲಿಸಿದೆ. ಬಾರ್ ಹೂವಿನಂತೆ ಹಗುರವಾಯಿತು. ಭಾರ ಸೊಂಟಕ್ಕೆ ಕಟ್ಟಿದ ಹಾರ್ನೆಸ್ ಪಟ್ಟಿಗೆ, ಕೈಗೆ ಎರಡು ಬೆರಳಿನ ಕೆಲಸ.

ಬಾರಿಗೆ ಏನೋ ಸುತ್ತಿದ್ದೇನೆ. ಅದೇನು ಅಂತ ಗೆಳೆಯ ಇನ್ನೂ ಕೇಳುತ್ತಿದ್ದಾನೆ. ಶ್ರೀಲಂಕಾದ ಕಲ್ಪಿಟಿಯಕ್ಕೆ ಅವನೇ ಟಿಕೆಟ್ ತೆಗೆದರೆ ಹೇಳುತ್ತೇನೆ.