ಜಿಬಿಗೆ ಎಷ್ಟು ಬಿತ್ತು?

ನನ್ನದು ಮದುವೆ ಫೋಟೊ, ವಿಡಿಯೊ ಕೆಲಸ. ರಾ ಫೈಲು (ಕ್ಯಾಮೆರಾ ಕುಗ್ಗಿಸದೆ ಕೊಡುವ ದೊಡ್ಡ ಫೋಟೊ ಫೈಲು), ಜೊತೆಗೆ 4ಕೆ ವಿಡಿಯೊ ಅಂದರೆ ಒಂದೊಂದು ಮದುವೆಗೂ ನೂರಾರು ಜಿಬಿ ಬೇಕು. ಅದರ ಎರಡು ಪ್ರತಿ ಇಡಬೇಕು. ಹಾಗಾಗಿ ವರ್ಷ ವರ್ಷವೂ ಡಿಸ್ಕ್ ಕೊಳ್ಳುವುದು ತಪ್ಪಿದ್ದಲ್ಲ.

ಅಂಗಡಿಯಲ್ಲಿ ನಾನು ಡಿಸ್ಕಿನ ಬೆಲೆಯನ್ನು ಅದರ ಜಿಬಿಯಿಂದ ಭಾಗಿಸಿ ನೋಡುತ್ತೇನೆ. ಅಷ್ಟೇ ನನ್ನ ಲೆಕ್ಕ. 2007ರಲ್ಲಿ ಹಿಟಾಚಿಯ ಮೊದಲ 1 ಟಿಬಿ, ಅಂದರೆ 1000 ಜಿಬಿ, ಡಿಸ್ಕ್ ಬಂದಾಗ ಬೆಲೆ 399 ಡಾಲರ್. ಜಿಬಿಗೆ 40 ಸೆಂಟ್ ಬಿತ್ತು. 2010ರ ಹೊತ್ತಿಗೆ ಅದು 10 ಸೆಂಟ್‌ಗಿಂತ ಕೆಳಗಿತ್ತು.

ಹಾಗಂತ ಚಿಕ್ಕ ಡಿಸ್ಕ್ ಪುಕ್ಕಟೆ ಸಿಗುವ ಕಾಲ ಬರಲೇ ಇಲ್ಲ. 500 ಜಿಬಿ ಇರಲಿ, 4 ಟಿಬಿ ಇರಲಿ, ಮೋಟಾರ್ ಬೇಕು, ಓದಿ ಬರೆಯುವ ಹೆಡ್ ಬೇಕು, ಸರ್ಕ್ಯೂಟ್ ಬೋರ್ಡ್ ಬೇಕು, ಹೊರಗಿನ ಡಬ್ಬಿಯೂ ಬೇಕು. ಈ ಖರ್ಚು ಕರಗುವುದಿಲ್ಲ. ಅದಕ್ಕೇ 500 ಜಿಬಿಯ ಬೆಲೆ 1 ಟಿಬಿಯ ಅರ್ಧಕ್ಕೆ ಇಳಿಯುವುದಿಲ್ಲ. ಇನ್ನು ಹೊಸದಾಗಿ ಬಂದ ಅತಿ ದೊಡ್ಡ ಡಿಸ್ಕ್‌ಗೆ ಹೊಸತನದ ದರ ಬೇರೆ ಸೇರಿರುತ್ತದೆ. ಭಾಗಿಸಿ ನೋಡಿದರೆ ಸಾಮಾನ್ಯವಾಗಿ ನಡುವಿನ ಅಳತೆಯದ್ದೇ ಗೆಲ್ಲುತ್ತದೆ. ನಾನು ಯಾವಾಗಲೂ ಅದನ್ನೇ ತರುತ್ತೇನೆ. ಸುಮ್ನೆ ಕಡಿಮೆ ದುಡ್ಡಿನದ್ದು ಅಂತ ಚಿಕ್ಕದನ್ನು ತಂದರೆ ಜಿಬಿಗೆ ಜಾಸ್ತಿ ಕೊಟ್ಟ ಹಾಗೆ, ಅಲ್ವಾ?

ಬೆಲೆ ಹೇಗೂ ಇಳಿಯುತ್ತದೆ, ಆಮೇಲೆ ಕೊಂಡರಾಯಿತು ಅಂತ ಕೂರುವುದೂ ಸರಿಯಲ್ಲ. 2011ರ ಕೊನೆಯಲ್ಲಿ ಥಾಯ್ಲೆಂಡ್‌ನಲ್ಲಿ ಪ್ರವಾಹ ಬಂತು. ಡಿಸ್ಕ್ ಮಾಡುವ ವೆಸ್ಟರ್ನ್ ಡಿಜಿಟಲ್ ಕಂಪನಿಯ ಕಾರ್ಖಾನೆಗೇ ನೀರು ನುಗ್ಗಿತು, ಬಿಡಿಭಾಗ ಮಾಡುವವರ ಕೆಲಸವೂ ನಿಂತಿತು. ಹಾರ್ಡ್ ಡಿಸ್ಕ್ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ತಿರುಗುವ ಭಾಗವಿಲ್ಲದೆ ಫ್ಲ್ಯಾಶ್ ಚಿಪ್‌ನಲ್ಲೇ ಫೈಲು ಇಡುವ ಎಸ್‌ಎಸ್‌ಡಿ ಕಥೆಯೂ ಹೀಗೇ. 2023ರಲ್ಲಿ ಅದರ ಬೆಲೆ ನೆಲ ಕಚ್ಚಿತ್ತು. ಚಿಪ್ ಕಂಪನಿಗಳು ಉತ್ಪಾದನೆ ಕಡಿಮೆ ಮಾಡಿದ ಮೇಲೆ ಮತ್ತೆ ಏರಿತು. ಅದಕ್ಕೆ ಮುಂದಿನ ಒಂದು ಸೀಸನ್‌ಗೆ ಆಗುವಷ್ಟು ಜಾಗವನ್ನು ಮೊದಲೇ ಕೊಂಡಿಡುತ್ತೇನೆ. ಎರಡು ವರ್ಷಕ್ಕಾಗುವಷ್ಟು ಕೊಳ್ಳುವುದಿಲ್ಲ. ಬಳಸದೆ ಕೂತರೂ ವಾರಂಟಿ ಓಡುತ್ತಲೇ ಇರುತ್ತದೆ.

ಎಡಿಟಿಂಗ್‌ಗೆ ಎಸ್‌ಎಸ್‌ಡಿಯೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಚಿಪ್‌ನ ಒಂದೇ ಕೋಶದಲ್ಲಿ ಮೂರು, ನಾಲ್ಕು ಬಿಟ್ ತುಂಬಿಸಲು ಕಲಿತ ಮೇಲೆ ಅದೂ ಕೈಗೆಟುಕಿತು. ಆದರೆ ಮುಗಿದ ಕೆಲಸವನ್ನು ಇಡುವುದು ಹಾರ್ಡ್ ಡಿಸ್ಕಿನಲ್ಲೇ. ಜಿಬಿ ಲೆಕ್ಕದಲ್ಲಿ ಈಗಲೂ ಅದೇ ಅಗ್ಗ. ಕರೆಂಟ್ ಕೊಡದೆ ವರ್ಷಗಟ್ಟಲೆ ಇಟ್ಟರೆ ಫ್ಲ್ಯಾಶ್ ಕೋಶದ ಚಾರ್ಜ್ ನಿಧಾನಕ್ಕೆ ಸೋರುತ್ತದೆ ಅನ್ನುವುದು ಇನ್ನೊಂದು ಕಾರಣ.

ಆಷಾಢದಲ್ಲಿ ಮದುವೆ ಇರುವುದಿಲ್ಲ. ಆಗ ಹಳೆಯ 500 ಜಿಬಿ ಡಿಸ್ಕ್‌ಗಳನ್ನೆಲ್ಲ ಒಂದು ದೊಡ್ಡದಕ್ಕೆ ಸುರಿಯುತ್ತೇನೆ. ಫೈಲುಗಳನ್ನು ತೆರೆದು ನೋಡಿದ ಮೇಲೆ ಹಳೆಯವು ಮೂರನೇ ಪ್ರತಿಯಾಗಿ ಸ್ಟುಡಿಯೊದಿಂದ ಮನೆಯ ಬೀರುವಿಗೆ ಹೋಗುತ್ತವೆ.