‘ಮನುಷ್ಯ ಹುಟ್ಟಿನಿಂದಲೇ ಒಳ್ಳೆಯವನೋ ಕೆಟ್ಟವನೋ’: ತರಗತಿಯಲ್ಲಿ ಚರ್ಚೆ ನಡೆಸುವ ಬಗೆ

ವಿಜಯಪುರ, ಬಾಗಲಕೋಟೆ ಕಡೆಯ ಕಾಲೇಜುಗಳ ಚರ್ಚಾಸ್ಪರ್ಧೆಗೆ ಈ ವಿಷಯ ಕೊಟ್ಟರೆ ಸಾಮಾನ್ಯವಾಗಿ ಆಗುವುದಿಷ್ಟು: ಒಂದು ಪಕ್ಷದವರು ಶರಣರ ಹೆಸರು ಹೇಳುತ್ತಾರೆ, ಇನ್ನೊಂದು ಪಕ್ಷದವರು ಯುದ್ಧಗಳ ಪಟ್ಟಿ ಓದುತ್ತಾರೆ, ಗಂಟೆ ಬಾರಿಸುವ ಹೊತ್ತಿಗೆ ಇಬ್ಬರೂ ಹೊರಟಲ್ಲೇ ನಿಂತಿರುತ್ತಾರೆ. ನಡೆಸಿಕೊಡುವ ಅಧ್ಯಾಪಕರು ತುಸು ಸಿದ್ಧತೆ ಮಾಡಿಕೊಂಡರೆ ಇದನ್ನು ತಪ್ಪಿಸಬಹುದು.

ಮೊದಲು ಪ್ರಶ್ನೆಯನ್ನು ಎರಡಾಗಿ ಒಡೆಯಿರಿ. ಕೂಸು ಯಾವ ಒಲವುಗಳೊಂದಿಗೆ ಹುಟ್ಟುತ್ತದೆ ಎಂಬುದು ಒಂದು. ಬೆಳೆದ ಮನುಷ್ಯ ಯಾವ ಸನ್ನಿವೇಶದಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಇನ್ನೊಂದು. ಹಲಗೆಯ ನಡುವೆ ಗೆರೆ ಎಳೆದು ಎಡಕ್ಕೊಂದು, ಬಲಕ್ಕೊಂದು ಬರೆದು, ವಿದ್ಯಾರ್ಥಿ ಕೊಡುವ ಪ್ರತಿ ಉದಾಹರಣೆಯೂ ಯಾವ ಬದಿಗೆ ಸೇರುತ್ತದೆಂದು ಅವನಿಂದಲೇ ಹೇಳಿಸಿ. ಯುದ್ಧಗಳಷ್ಟೇ ಅಲ್ಲ, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿದಾಗ ನೆರೆಯ ಊರುಗಳವರು ರೊಟ್ಟಿ ಕಟ್ಟಿ ಕಳಿಸಿದ್ದೂ ಬಲಬದಿಗೇ ಹೋಗುತ್ತದೆ. ಎಡಬದಿ ಬಹುಮಟ್ಟಿಗೆ ಖಾಲಿಯೇ ಉಳಿಯುತ್ತದೆ.

ತತ್ತ್ವಜ್ಞಾನಿಗಳಿಗೆ ಹತ್ತು ನಿಮಿಷ ಸಾಕು. ಬಾವಿಗೆ ಬೀಳಲಿರುವ ಕೂಸನ್ನು ಕಂಡರೆ ಯಾರ ಎದೆಯಾದರೂ ಝಲ್ಲೆನ್ನುತ್ತದೆ ಎಂದು ಚೀನದ ಮೆನ್ಶಿಯಸ್ ವಾದಿಸಿದ. ಮನುಷ್ಯನ ಸ್ವಭಾವವೇ ಕೆಟ್ಟದ್ದೆಂದು ಅವನ ನಂತರದ ಷುನ್‌ತ್ಸು ಹೇಳಿದ. ಆದರೂ ಇಬ್ಬರೂ ಸಂಸ್ಕಾರ ಬೇಕೆಂಬಲ್ಲಿಗೇ ಬಂದು ನಿಂತರು. ಬಾಗೇವಾಡಿಯ ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನ ಇಲ್ಲಿಯ ಮಕ್ಕಳಿಗೆ ಬಾಯಿಪಾಠ. ಕದಿಯುವ ಆಸೆಯೇ ಇಲ್ಲದವರಿಗೆ ಆ ಮಾತು ಬೇಕಿರಲಿಲ್ಲ, ಕದಿಯದೆ ಇರಲಾಗದವರಿಗೆ ಅದನ್ನು ಹೇಳಿ ಫಲವಿರಲಿಲ್ಲ; ಇದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲು ಬಿಡಿ.

ಎಡಬದಿಗೆ ಸಾಕ್ಷ್ಯ ಬೇಕೆಂದರೆ 2007ರ ಪ್ರಯೋಗವೊಂದಿದೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 6 ಮತ್ತು 10 ತಿಂಗಳ ಕೂಸುಗಳಿಗೆ, ಗುಡ್ಡ ಏರುವ ಆಕೃತಿಯೊಂದಕ್ಕೆ ಒಂದು ನೆರವಾಗುವುದನ್ನೂ ಇನ್ನೊಂದು ಕೆಳಕ್ಕೆ ತಳ್ಳುವುದನ್ನೂ ತೋರಿಸಿದಾಗ, ಹೆಚ್ಚಿನವು ನೆರವಾದದ್ದರತ್ತ ಕೈ ಚಾಚಿದವು. ಮುಂದೆ ಹಲವು ದೇಶಗಳ ಪ್ರಯೋಗಾಲಯಗಳು ಕೂಡಿ ಅಂಥದೇ ಪರೀಕ್ಷೆ ನಡೆಸಿದಾಗ ಆ ಒಲವು ಕಾಣಲಿಲ್ಲ. ಎರಡನ್ನೂ ಒಟ್ಟಿಗೇ ಹೇಳಿ. ಮೊದಲನೆಯದನ್ನು ಮಾತ್ರ ಹೇಳುವ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇವೆ.

ಬಲಬದಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಆರಂಭಿಸಿದ ಪ್ರಯೋಗವನ್ನು ಬಿಡಿಸಿ ಹೇಳುವುದು ಒಳ್ಳೆಯದು. ತಪ್ಪು ಉತ್ತರಕ್ಕೆ ಗೋಡೆಯಾಚೆಯವನಿಗೆ ವಿದ್ಯುತ್ ಆಘಾತ ಕೊಡೆಂದು ಅಧಿಕಾರದ ದನಿಯುಳ್ಳ ಮೇಲ್ವಿಚಾರಕ ಪ್ರಯೋಗಕ್ಕೆ ಬಂದವನಿಗೆ ಹೇಳುತ್ತಾನೆ. ನಿಜವಾಗಿ ಆಘಾತ ತಗಲುವುದಿಲ್ಲ, ಗೋಡೆಯಾಚೆಯವನು ನಟಿಸುತ್ತಿರುತ್ತಾನೆ. 40 ಜನರಲ್ಲಿ 26 ಜನ 450 ವೋಲ್ಟಿನ ಕೊನೆಯ ಗುಂಡಿಯವರೆಗೂ ಹೋದರು. ಇಲ್ಲಿಗೇ ನಿಲ್ಲಿಸಿದರೆ ತರಗತಿ ‘ಕೆಟ್ಟವನೇ’ ಎಂದು ತೀರ್ಪು ಕೊಟ್ಟುಬಿಡುತ್ತದೆ, ಆದ್ದರಿಂದ ನಿಲ್ಲಿಸಬೇಡಿ. ಪಕ್ಕದಲ್ಲಿ ಕೂತ ಇಬ್ಬರು ‘ನಾವು ಒಲ್ಲೆವು’ ಎಂದು ಎದ್ದುಹೋಗುವಂತೆ ಏರ್ಪಡಿಸಿದಾಗ ಕೊನೆ ಮುಟ್ಟಿದವರು 40ರಲ್ಲಿ 4 ಜನ ಮಾತ್ರ. ಸ್ವಭಾವ ಅದೇ ಇದ್ದರೆ ಬದಲಾದದ್ದೇನು ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.

ಯಾವನಾದರೂ ಒಂದು ಜಾತಿಯ ಹೆಸರು ಹಿಡಿದು ‘ಅವರ ರಕ್ತವೇ ಹಾಗೆ’ ಎಂದರೆ ಅಲ್ಲಿಯೇ ತಡೆದು ಈ ನೆಲದ ಇತಿಹಾಸ ತಿಳಿಸಿ. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆ ಇಡೀ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಘೋಷಿಸಲು ದಾರಿ ಮಾಡಿತು. ಮುಂದೆ ಮುಂಬಯಿ ಪ್ರಾಂತದಲ್ಲಿದ್ದ ಬಿಜಾಪುರಕ್ಕೂ ಅಂಥವರನ್ನು ಕಾವಲಿನಲ್ಲಿ ಇರಿಸುವ ವಸತಿ, ಅಂದರೆ ‘ಸೆಟ್ಲಮೆಂಟ್’ ಬಂದಿತು. ಹಾಜರಿ, ಪಾಸು, ಕಾವಲುಗಳ ನಡುವೆ ಹುಟ್ಟಿದ ಕೂಸೂ ಹುಟ್ಟಿನಿಂದಲೇ ಸಂಶಯಕ್ಕೆ ಗುರಿಯಾಯಿತು. ಕಾಯ್ದೆ ರದ್ದಾದದ್ದು 1952ರಲ್ಲಿ.

ಕೊನೆಯಲ್ಲಿ ಕೈ ಎತ್ತಿಸಿ ಬಹುಮತ ಎಣಿಸಬೇಡಿ. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು, ಯಾವ ಸಾಕ್ಷ್ಯ ಸಿಕ್ಕರೆ ತನ್ನ ನಿಲುವು ಬಿಡುವೆನೆಂದು ಬರೆಸಿ, ಅರ್ಧ ಅಂಕಗಳನ್ನು ಅದಕ್ಕೇ ಮೀಸಲಿಡಿ. ದನಿಯ ಅಬ್ಬರಕ್ಕೆ ಅಂಕ ಕೊಡುವ ರೂಢಿಯುಳ್ಳ ತೀರ್ಪುಗಾರರಿಗೆ ಇದನ್ನು ಮೊದಲೇ ಹೇಳಿಟ್ಟಿರಬೇಕು.