ಗುಡ್ಡದ ಸುದ್ದಿ ಮಳೆಯ ರಾತ್ರಿಯೂ ತಲುಪಬೇಕು: ನನ್ನ ಅನುಭವ

ಜರಿಯಬಹುದಾದ ಗುಡ್ಡಗಳಿಗೆ ಸೆನ್ಸರ್ ಅಳವಡಿಸುವುದು ನನ್ನ ಕೆಲಸ. ವಾಲುವುದನ್ನು ಅಳೆಯುವ ಟಿಲ್ಟ್ ಮೀಟರ್ ಯಾವುದು ಒಳ್ಳೆಯದು, ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್ ಎಷ್ಟು ಆಳಕ್ಕೆ ಇಳಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಆ ರೀಡಿಂಗ್ ಗುಡ್ಡದಿಂದ ಹೊರಗೆ ಹೇಗೆ ಬರುತ್ತದೆ ಅಂತ ಕೇಳುವವರು ಕಡಿಮೆ. ನನಗೆ ಮೊದಲ ಪ್ರಶ್ನೆಯೇ ಅದು. ಆಗಸ್ಟ್ ತಿಂಗಳ ಕೆಟ್ಟ ರಾತ್ರಿಯಲ್ಲಿ ಬಾರದ ರೀಡಿಂಗ್, ಜನವರಿಯಲ್ಲಿ ಎಷ್ಟು ಚೆನ್ನಾಗಿ ಬಂದರೇನು?

ಇಲ್ಲಿ ಹೇಳುವುದು ಕೊಡಗಿನ ಒಂದು ರಸ್ತೆ ಬದಿಯ ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ ಬಗ್ಗೆ. ಮೇಲೆ ಕಾಫಿ ತೋಟ, ಕೆಳಗೆ ಮನೆಗಳು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡ ಜರಿದದ್ದನ್ನು ಕಂಡವರಿಗೆ ಈ ಕೆಲಸ ಯಾಕೆ ಅಂತ ವಿವರಿಸಬೇಕಾಗಿಲ್ಲ.

ಜಾಗ ನೋಡಲು ಹೋದಾಗ ಬೇಸಿಗೆ. ಮೊಬೈಲಿನಲ್ಲಿ ಫುಲ್ ಸಿಗ್ನಲ್. ಒಂದು 4ಜಿ ರೂಟರ್ ಇಟ್ಟರೆ ಸಾಕು ಅನ್ನಿಸುವಂತಿತ್ತು. ತೋಟದ ಮಾಲೀಕರು ಅಲ್ಲೇ ತಡೆದರು: "ಈಗ ನೋಡ್ಬೇಡಿ ಸರ್. ಮಳೆ ಹಿಡಿದು ಕರೆಂಟ್ ಹೋದ್ರೆ ಟವರ್ ಒಂದು ರಾತ್ರಿನೂ ನಿಲ್ಲಲ್ಲ." ಮರ ಬಿದ್ದು ಲೈನ್ ಕಡಿಯುತ್ತದೆ. ಟವರ್ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಡೀಸೆಲ್ ತರಲು ರಸ್ತೆ ಇರುವುದಿಲ್ಲ. ಇನ್ನೊಂದು ವಿಷಯವನ್ನೂ ವಿಚಾರಿಸಿದೆ. ಟವರ್‌ಗೆ ಬರುವ ಫೈಬರ್ ಕೇಬಲ್ ಎಲ್ಲಿ ಹಾದು ಬರುತ್ತದೆ? ನಾವು ಕಾಯಬೇಕಾದ ಅದೇ ರಸ್ತೆಯ ಅಂಚಿನಲ್ಲಿ. ಬರೆ ಜರಿದರೆ ಕೇಬಲ್ಲೂ ಅದರ ಜೊತೆ ಹೋಗುತ್ತದೆ. ಎರಡು ಕಂಪನಿಯ ಸಿಮ್ ಹಾಕಿದರೆ ಸುರಕ್ಷಿತ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಎರಡೂ ಒಂದೇ ಟವರ್, ಒಂದೇ ಫೈಬರ್ ಹಂಚಿಕೊಂಡಿದ್ದರೆ ಅದು ಒಂದೇ ದಾರಿ ಅಲ್ವಾ?

ಗುಡ್ಡದ ಒಳಗಿನ ಸಂಪರ್ಕ ಮೊದಲು ತೀರ್ಮಾನಿಸಿದೆ. ಬೋರ್‌ಹೋಲ್‌ನಲ್ಲಿ ಇಳಿಸುವ, ಆಳದಲ್ಲಿ ಮಣ್ಣು ಸರಿಯುವುದನ್ನು ಅಳೆಯುವ ಇನ್‌ಕ್ಲಿನೋಮೀಟರ್ ಸರಪಳಿಗೆ ಆರ್‌ಎಸ್-485 ಎಂಬ ಡೇಟಾ ಕೇಬಲ್ಲೇ ಸರಿ. ಕಡಿಮೆ ವೇಗದಲ್ಲಿ ಅದು ಸುಮಾರು 1200 ಮೀಟರ್ ತನಕ ಕೆಲಸ ಮಾಡುತ್ತದೆ. ವೈಬ್ರೇಟಿಂಗ್ ವೈರ್ ಪೀಜೋಮೀಟರ್ ಕೊಡುವುದು ತಂತಿಯ ಕಂಪನದ ಆವರ್ತನವನ್ನು. ಹಾಗಾಗಿ ಕೇಬಲ್ ಉದ್ದವಾದರೂ ಅಳತೆ ಕೆಡುವುದಿಲ್ಲ. ಆದರೂ ಗುಡ್ಡದ ಉದ್ದಕ್ಕೂ ತಾಮ್ರದ ಕೇಬಲ್ ಎಳೆಯಲು ನಾನು ಒಪ್ಪಲಿಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಉದ್ದ ಕೇಬಲ್ ಸಿಕ್ಕಿದರೆ ಎರಡೂ ತುದಿಯ ಉಪಕರಣ ಹಾಳಾಗಬಹುದು. ಪ್ರತಿ ಬೋರ್‌ಹೋಲ್ ಬಾಯಲ್ಲೇ ರೀಡಿಂಗ್ ಕಳಿಸುವ ಚಿಕ್ಕ ನೋಡ್ (ರೇಡಿಯೋ ಪೆಟ್ಟಿಗೆ) ಇಟ್ಟು, ಸಿಡಿಲಿನ ಹೊಡೆತ ತಡೆಯುವ ಸರ್ಜ್ ಅರೆಸ್ಟರ್ ಹಾಕಿ, ಒಳ್ಳೆ ಅರ್ತಿಂಗ್ ಮಾಡಿಸಿದೆ. ಅಲ್ಲಿಂದ ಗುಡ್ಡದ ಮೇಲಿನ ಗೇಟ್‌ವೇಗೆ, ಅಂದರೆ ಎಲ್ಲ ರೀಡಿಂಗ್ ಒಟ್ಟು ಮಾಡುವ ಪೆಟ್ಟಿಗೆಗೆ, ಲೋರಾ ರೇಡಿಯೋ: ಕಡಿಮೆ ಕರೆಂಟಿನಲ್ಲಿ ಚಿಕ್ಕ ಸಂದೇಶವನ್ನು ದೂರ ಕಳಿಸುವ ವಿಧಾನ.

ನಮ್ಮ ದೇಶದಲ್ಲಿ ಲೋರಾ ಬಳಸುವ 865ರಿಂದ 867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಕಿಲ್ಲ. ಒಂದು ರೀಡಿಂಗ್ ಅಂದರೆ ಕೆಲವೇ ಬೈಟ್. ಅಷ್ಟಕ್ಕೆ ವೈಫೈಯ ವೇಗ ಯಾಕೆ? ಇನ್ನು ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆ ಒದ್ದೆ ಎಲೆಗಳ ನಡುವೆ ಬೇಗ ಸೋಲುತ್ತದೆ. ಲೋರಾಗೂ ಒದ್ದೆ ಎಲೆ ಕಷ್ಟವೇ, ಆದರೆ ತಡೆದುಕೊಳ್ಳುತ್ತದೆ. ಮರದ ಕೊಂಬೆ ಕಡಿದು ಕಪಾತು ಆದ ಮೇಲೆ ತೋಟದಲ್ಲಿ ಸಿಗ್ನಲ್ ಚೆನ್ನಾಗಿರುತ್ತದೆ. ಆ ಅಳತೆಯನ್ನು ನಂಬಬಾರದು. ನಾನು ಜುಲೈನಲ್ಲಿ, ಸುರಿಯುವ ಮಳೆಯಲ್ಲಿ ಮತ್ತೆ ಅಳೆದು ಆಂಟೆನಾದ ಎತ್ತರ ತೀರ್ಮಾನಿಸಿದೆ. ಸಿಗ್ನಲ್ ದುರ್ಬಲ ಇದ್ದಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಸಂದೇಶವನ್ನು ನಿಧಾನ ಮಾಡಿ ದೂರ ತಲುಪಿಸುವ ಸೆಟ್ಟಿಂಗ್, 12ಕ್ಕೆ ಏರಿಸುವುದು ಸುಲಭದ ದಾರಿ. ಆದರೆ 7ರಲ್ಲಿ ಕಣ್ಣು ಮಿಟುಕಿಸುವುದರೊಳಗೆ ಹೋಗುವ ಸಂದೇಶಕ್ಕೆ ಆಗ ಒಂದು ಸೆಕೆಂಡಿಗೂ ಜಾಸ್ತಿ ಬೇಕು. ಬ್ಯಾಟರಿಯೂ ಅಷ್ಟೇ ಬೇಗ ಖಾಲಿ. ಆಂಟೆನಾ ಎತ್ತರಿಸುವುದೇ ಒಳ್ಳೆಯದು.

ಗುಡ್ಡದಿಂದ ಹೊರಗಿನ ಸಂಪರ್ಕಕ್ಕೆ ಮೊದಲ ದಾರಿ ಆ 4ಜಿ ರೂಟರೇ. ಅಲ್ಲಿ ಕರೆಂಟಿನ ಲೆಕ್ಕ ಎಲ್ಲಕ್ಕಿಂತ ಮುಖ್ಯ. 3 ವ್ಯಾಟ್ ತಿನ್ನುವ ರೂಟರ್‌ಗೆ ದಿನಕ್ಕೆ 72 ವ್ಯಾಟ್-ಅವರ್ ಬೇಕು. 12 ವೋಲ್ಟ್, 40 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 480. ಲೆಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಅಂದರೆ ಮೂರು ದಿನ ಸ್ವಲ್ಪ ಜಾಸ್ತಿ. ಕೊಡಗಿನಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಮಳೆಗಾಲ ಇರುತ್ತದೆ! ಹಾಗಾಗಿ ರೂಟರ್ ಗಂಟೆಗೆ ಹತ್ತು ನಿಮಿಷ ಮಾತ್ರ ಎದ್ದಿರುವಂತೆ ಮಾಡಿದೆ. ಖರ್ಚು ದಿನಕ್ಕೆ 12 ವ್ಯಾಟ್-ಅವರ್‌ಗೆ ಇಳಿಯಿತು. ಮಳೆ ಅಥವಾ ಟಿಲ್ಟ್ ನಿಗದಿತ ಮಿತಿ ದಾಟಿದರೆ ರೂಟರ್ ಎದ್ದೇ ಇರುತ್ತದೆ. ಆ ಹೊತ್ತಿಗಾಗಿಯೇ ಬ್ಯಾಟರಿ ಉಳಿಸಿದ್ದು.

ಎರಡನೇ ದಾರಿಗೆ ಎದುರಿನ ಗುಡ್ಡದ ತುದಿಗೆ ಒಂದು ರೇಡಿಯೋ ಲಿಂಕ್ ಹಾಕಿದೆವು. ಅಲ್ಲಿ ಸಿಗುವ ಟವರ್‌ಗೆ ಫೈಬರ್ ಬೇರೆ ರಸ್ತೆಯಿಂದ ಬರುತ್ತದೆ. ಸ್ಯಾಟಲೈಟ್ ಯೋಚನೆಯೂ ಬಂತು. ಕೆಯು ಬ್ಯಾಂಡ್ ವಿಸ್ಯಾಟ್ (ಚಿಕ್ಕ ಡಿಶ್ ಮೂಲಕ ಸ್ಯಾಟಲೈಟ್ ಸಂಪರ್ಕ) ಜೋರು ಮಳೆಯಲ್ಲಿ ಮಂಕಾಗುತ್ತದೆ, ನಮಗೆ ಬೇಕಾದ ಹೊತ್ತಿಗೇ. ಹವಾಮಾನ ಇಲಾಖೆ, ಕೇಂದ್ರ ಜಲ ಆಯೋಗದ ಕೇಂದ್ರಗಳು ಇನ್ಸಾಟ್ ಉಪಗ್ರಹದ ಮೂಲಕ ಡೇಟಾ ಕಳಿಸುತ್ತವೆ. ಖಾಸಗಿ ಕೆಲಸಕ್ಕೆ ಅಂಥ ಅನುಮತಿ ಸುಲಭವಲ್ಲ. ಅದನ್ನು ಬಿಟ್ಟೆವು.

ಬೆಂಗಳೂರಿನಲ್ಲಿ ಸುರಂಗದ ಮೇಲಿನ ಕಟ್ಟಡಗಳಿಗೆ, ಅವು ಕದಲಿದವೇ ಅಂತ ಅಳೆಯುವ ಆಟೋಮ್ಯಾಟಿಕ್ ಟೋಟಲ್ ಸ್ಟೇಷನ್ ಇಟ್ಟಾಗ ಇಷ್ಟೆಲ್ಲ ಯೋಚಿಸಬೇಕಾಗಿರಲಿಲ್ಲ. ಅಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಧಾರಾಳ. ತೊಂದರೆ ಕೊಟ್ಟದ್ದು ಬೇರೆ ಕೆಲಸದವರು ಕೇಬಲ್ ಕಡಿಯುವುದು.

ಮತ್ತೆ ಕೊಡಗಿಗೆ ಬರೋಣ. ಎರಡೂ ದಾರಿ ಸತ್ತರೆ? ಲಾಗರ್ ಎಲ್ಲ ರೀಡಿಂಗ್ ತನ್ನಲ್ಲೇ ಉಳಿಸಿಕೊಂಡು, ಸಂಪರ್ಕ ಬಂದಾಗ ಕಳಿಸುತ್ತದೆ. ಮಿತಿ ದಾಟಿದೆಯೇ ಅಂತ ನಿರ್ಧರಿಸುವುದು ಗುಡ್ಡದ ಮೇಲಿನ ಗೇಟ್‌ವೇ. ಸೈರನ್ ಕೂಗಲು ಅದಕ್ಕೆ ಇಂಟರ್ನೆಟ್ ಬೇಡ. ಜೀವದ ವಿಷಯವಾದ್ದರಿಂದ ಈ ಒಂದು ಅಂಶದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಇತ್ತ ಆಫೀಸಿನಲ್ಲಿ, ನಿಗದಿತ ಹೊತ್ತಿಗೆ ಡೇಟಾ ಬರದಿದ್ದರೆ ಅದನ್ನೇ ಎಚ್ಚರಿಕೆ ಅಂತ ಹಿಡಿದು ಡ್ಯೂಟಿಯಲ್ಲಿರುವವರು ಊರಿಗೆ ಫೋನ್ ಮಾಡುತ್ತಾರೆ.

ಊರಿನವರಿಗೆ ಆಪ್ ಬೇಡ, ಎಸ್ಸೆಮ್ಮೆಸ್ ಸಾಕು ಅಂದೆ. ಡೇಟಾ ತೆವಳುವಾಗಲೂ ಅದು ನುಸುಳುತ್ತದೆ. ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್‌ಗೆ 70 ಅಕ್ಷರಗಳಷ್ಟೇ ಜಾಗ, ಒತ್ತು ಕೊಂಬುಗಳೂ ಆ ಲೆಕ್ಕದಲ್ಲೇ. ಸಂದೇಶದ ಟೆಂಪ್ಲೇಟನ್ನು (ಸಿದ್ಧ ಮಾದರಿಯನ್ನು) ಮೊದಲೇ ನೋಂದಾಯಿಸಿಕೊಳ್ಳಬೇಕು. ಬರೆಯ ಕೆಳಗಿನ ಮನೆಯವರ ಜೊತೆ ಕೂತು ಬರೆದದ್ದು ಇದು: "ಬರೆ ಜರಿಯಬಹುದು. ಈಗಲೇ ಶಾಲೆಗೆ ಹೋಗಿ."